ಹೆರಿಗೆ ವಾರ್ಡಿಗೆ ಚೆಕ್‌ಲಿಸ್ಟ್ ಬಂದದ್ದು ಹೇಗೆ, ಬಂದ ಮೇಲೆ ಆದದ್ದೇನು

2010ರಲ್ಲಿ ಕರ್ನಾಟಕದ ಒಂದು ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ ಕೆಲವರು ಪಕ್ಕದಲ್ಲೇ ನಿಂತು ಹೆರಿಗೆ ಆರೈಕೆಯನ್ನು ಗಮನಿಸುತ್ತಾ ಹೋದರು. ಅವರ ಕೈಯಲ್ಲಿ 29 ಕೆಲಸಗಳ ಪಟ್ಟಿ ಇತ್ತು. ಯಾವುದೂ ದೊಡ್ಡ ವಿದ್ಯೆ ಅಲ್ಲ. ಕೈ ತೊಳೆದರಾ, ಬಿಪಿ ನೋಡಿದರಾ, ಮಗು ಹುಟ್ಟಿದ ಕೂಡಲೇ ತಾಯಿಗೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟರಾ, ಇಂಥವು. 499 ಸಲ ನೋಡಿ ಲೆಕ್ಕ ಹಾಕಿದರೆ, 29ರಲ್ಲಿ ಸರಾಸರಿ 10 ಕೆಲಸ ಮಾತ್ರ ಆಗುತ್ತಿದ್ದವು. ಆಮೇಲೆ ಸಿಬ್ಬಂದಿಗೆ ತರಬೇತಿ ಕೊಟ್ಟು, ಕೈಗೊಂದು ಚೆಕ್‌ಲಿಸ್ಟ್ ಕೊಟ್ಟರು. ಮತ್ತೆ 795 ಸಲ ನೋಡಿದರು. 10 ಇದ್ದದ್ದು 25 ಆಗಿತ್ತು.

ವಿಶ್ವ ಆರೋಗ್ಯ ಸಂಸ್ಥೆ, ಅಮೆರಿಕದ ಹಾರ್ವರ್ಡ್‌ನ ಸಂಶೋಧಕರು, ಜೊತೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು ಸೇರಿ ಮಾಡಿದ ಪ್ರಯೋಗ ಇದು. ಆದರೆ ಚೆಕ್‌ಲಿಸ್ಟ್ ಅನ್ನೋದು ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. 1935ರಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ವಿಮಾನ ಪರೀಕ್ಷಾ ಹಾರಾಟದಲ್ಲೇ ಬಿದ್ದುಹೋಯಿತು. ಪೈಲಟ್ ಪಳಗಿದವರೇ, ಹಾರುವ ಮುಂಚೆ ಬಿಚ್ಚಬೇಕಾದ ಲಾಕ್ ಒಂದು ಹಾಗೇ ಉಳಿದಿತ್ತು. ಪೈಲಟ್‌ಗಳು ಪಟ್ಟಿ ನೋಡಿ ವಿಮಾನ ಎಬ್ಬಿಸುವ ಪದ್ಧತಿ ಬೇರು ಬಿಟ್ಟದ್ದು ಅಲ್ಲಿಂದ.

ಡಾಕ್ಟರುಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲು ಇನ್ನೂ ಅರವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. 1999ರಲ್ಲಿ ಅಮೆರಿಕದ ಒಂದು ವರದಿ, ಅಲ್ಲಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ತಪ್ಪುಗಳಿಂದಲೇ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿದ್ದಾರೆ ಎಂದು ಅಂದಾಜು ಮಾಡಿತು. ಎರಡು ವರ್ಷದ ನಂತರ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪೀಟರ್ ಪ್ರೊನೊವೋಸ್ಟ್ ಎಂಬ ಐಸಿಯು ವೈದ್ಯರು ಒಂದು ಪುಟ್ಟ ಪಟ್ಟಿ ಮಾಡಿದರು. ದೊಡ್ಡ ರಕ್ತನಾಳಕ್ಕೆ ಟ್ಯೂಬ್ ಹಾಕುವಾಗ ಕೈ ತೊಳಿ, ಚರ್ಮ ಶುಚಿ ಮಾಡು, ಮೈ ಪೂರ್ತಿ ಬಟ್ಟೆ ಹೊದಿಸು, ಇಂಥವೇ ಕೆಲವು, ಅಷ್ಟೇ. ಮಿಶಿಗನ್ ರಾಜ್ಯದ ನೂರಕ್ಕೂ ಜಾಸ್ತಿ ಐಸಿಯುಗಳಲ್ಲಿ ಇಂಥದ್ದೇ ಕ್ರಮ ತಂದಾಗ ಟ್ಯೂಬಿನಿಂದ ಬರುವ ಸೋಂಕು ದೊಡ್ಡ ಪ್ರಮಾಣದಲ್ಲಿ ಇಳಿಯಿತು. ಎಲ್ಲರೂ ಪಟ್ಟಿಯನ್ನು ಹೊಗಳಿದರು. ನನಗೆ ಮಾತ್ರ ಅದರ ಜೊತೆಗಿದ್ದ ಇನ್ನೊಂದು ನಿಯಮ ಮುಖ್ಯ ಅನಿಸುತ್ತದೆ: ಡಾಕ್ಟರ್ ಒಂದು ಹಂತ ಬಿಟ್ಟರೆ, ನರ್ಸ್ ಅವರನ್ನು ಅಲ್ಲೇ ತಡೆಯಬಹುದಿತ್ತು. ಆಡಳಿತ ನರ್ಸ್ ಬೆನ್ನಿಗಿತ್ತು.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರಿಗೂ 19 ಅಂಶಗಳ ಪಟ್ಟಿ ತಂದಿತು. ಸರ್ಜನ್ ಅತುಲ್ ಗವಾಂಡೆ ಅದರ ಮುಂದಾಳು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು.

ಮುಂದಿನ ಸರದಿ ಹೆರಿಗೆ ವಾರ್ಡಿನದು. ನಮ್ಮ ದೇಶಕ್ಕೆ ಅದರ ಅಗತ್ಯವೂ ಇತ್ತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಆಸ್ಪತ್ರೆಯಲ್ಲಿ ಹೆತ್ತರೆ ದುಡ್ಡು ಕೊಡುತ್ತಿದ್ದರು, ಕರೆತರಲು ಆಶಾ ಕಾರ್ಯಕರ್ತೆಯರಿದ್ದರು. 2005-06ರಲ್ಲಿ ಆಸ್ಪತ್ರೆ ಹೆರಿಗೆ ಶೇ 39ರಷ್ಟಿತ್ತು, ಹತ್ತು ವರ್ಷದಲ್ಲಿ ಶೇ 79 ಆಯಿತು. ಜನ ಬಂದರು. ಬಂದವರಿಗೆ ಒಳಗೆ ಏನು ಸಿಗುತ್ತದೆ ಅನ್ನೋದು ಬೇರೆ ಪ್ರಶ್ನೆ, ಅಲ್ವಾ?

ಈ ಚೆಕ್‌ಲಿಸ್ಟ್ ನಾಲ್ಕು ಕಡೆ ನಿಂತು ನೋಡಲು ಹೇಳುತ್ತದೆ: ದಾಖಲಾದಾಗ, ಮಗು ಹೊರಬರುವ ಮುನ್ನ, ಹುಟ್ಟಿದ ಒಂದು ಗಂಟೆಯೊಳಗೆ, ಮನೆಗೆ ಕಳಿಸುವ ಮುನ್ನ. ಎರಡನೆಯದನ್ನೇ ನೋಡಿ. ಮಂಚದ ಪಕ್ಕ ಗ್ಲೌಸ್ ಇದೆಯಾ? ಸೋಪು, ನೀರು? 10 ಯೂನಿಟ್ ಆಕ್ಸಿಟೋಸಿನ್ ಸಿರಿಂಜಿಗೆ ಎಳೆದಿಟ್ಟಿದೆಯಾ? ಮಗುವಿಗೆ ಒಣ ಟವೆಲ್, ಹೊಕ್ಕುಳಬಳ್ಳಿ ಕತ್ತರಿಸಲು ಶುಚಿಯಾದ ಬ್ಲೇಡು, ಉಸಿರಾಡದಿದ್ದರೆ ಗಾಳಿ ಒತ್ತಿ ಕೊಡಲು ಬ್ಯಾಗ್ ಮತ್ತು ಮಾಸ್ಕ್? ಸಹಾಯಕ್ಕೆ ಇನ್ನೊಬ್ಬರು ಯಾರು? ಹೆತ್ತ ಮೇಲೆ ರಕ್ತ ಹರಿಯಲು ಶುರುವಾದರೆ ಔಷಧ ಹುಡುಕುತ್ತಾ ಸ್ಟೋರಿಗೆ ಓಡುವಷ್ಟು ಹೊತ್ತು ಇರುವುದಿಲ್ಲ. ಇಂಜೆಕ್ಷನ್ ಒಂದು ನಿಮಿಷದೊಳಗೆ ಬೀಳಬೇಕು.

ಕರ್ನಾಟಕದ ಪ್ರಯೋಗ ಒಂದೇ ಕೇಂದ್ರದ್ದು. ಕೆಲಸಗಳು ಸರಿಯಾದವು ಎಂದಷ್ಟೇ ಅದು ತೋರಿಸಿತು. ಜೀವ ಉಳಿಯುತ್ತದಾ ಎಂದು ನೋಡಲು ಉತ್ತರ ಪ್ರದೇಶಕ್ಕೆ ಹೋದರು. 24 ಜಿಲ್ಲೆ, 120 ಆಸ್ಪತ್ರೆ, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರು. ಅರ್ಧ ಆಸ್ಪತ್ರೆಗಳಿಗೆ ಚೆಕ್‌ಲಿಸ್ಟ್ ಕೊಟ್ಟು, ಎಂಟು ತಿಂಗಳು ತರಬೇತುದಾರರು ಬಂದು ಹೇಳಿಕೊಟ್ಟರು. ಎರಡು ತಿಂಗಳಿಗೆ ಅಲ್ಲಿ ಶೇ 73ರಷ್ಟು ಕೆಲಸ ಸರಿಯಾಗಿ ನಡೆಯುತ್ತಿತ್ತು, ಉಳಿದ ಕಡೆ ಶೇ 42. ಹನ್ನೆರಡನೇ ತಿಂಗಳಿಗೆ, ತರಬೇತುದಾರರು ಹೋದ ಮೇಲೆ, 73 ಇದ್ದದ್ದು 62ಕ್ಕೆ ಇಳಿಯಿತು. 2017ರ ಡಿಸೆಂಬರಿನಲ್ಲಿ ಫಲಿತಾಂಶ ಹೊರಬಿತ್ತು. ಮಗುವಿನ ಸಾವು, ತಾಯಿಯ ಸಾವು ಅಥವಾ ತೀವ್ರ ತೊಂದರೆ, ಮೂರೂ ಸೇರಿಸಿದರೆ ಒಂದು ಕಡೆ ಶೇ 15.1, ಇನ್ನೊಂದು ಕಡೆ ಶೇ 15.3. ಅಂದರೆ ವ್ಯತ್ಯಾಸವೇ ಇಲ್ಲ.

ಪಟ್ಟಿಯೇ ದಂಡ ಎಂದು ಕೆಲವರು ಅಂದರು. ನಾನು ಒಪ್ಪುವುದಿಲ್ಲ. ‘ಬಿಪಿ ಜಾಸ್ತಿ ಇದೆ, ದೊಡ್ಡಾಸ್ಪತ್ರೆಗೆ ರೆಫರ್ ಮಾಡಿ’ ಎನ್ನುವುದು ಪಟ್ಟಿಗೆ ಗೊತ್ತು. ಆಂಬುಲೆನ್ಸ್ ತರುವುದು, ರಕ್ತ ಹೊಂದಿಸುವುದು, ಸಿಸೇರಿಯನ್ ಮಾಡುವ ವೈದ್ಯರನ್ನು ಕರೆಸುವುದು ಅದರ ಕೈಲಾಗದು. ಮಿಶಿಗನ್‌ನಲ್ಲಿ ನರ್ಸ್ ಡಾಕ್ಟರನ್ನು ತಡೆದರು. ನಮ್ಮ ಸರ್ಕಾರಿ ಹೆರಿಗೆ ವಾರ್ಡಿನಲ್ಲಿ ರಾತ್ರಿ ಪಾಳಿಯ ಸಿಸ್ಟರೇ ಬಹಳ ಸಲ ಹೆರಿಗೆ ಮಾಡಿಸುವವರು. ‘ಸಹಾಯಕ್ಕೆ ಯಾರು’ ಎಂಬ ಸಾಲಿಗೆ ಅವರು ಯಾರ ಹೆಸರು ಹೇಳಬೇಕು?

ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ಲಕ್ಷ್ಯ’ ಯೋಜನೆ ಶುರುಮಾಡಿತು. ಹೆರಿಗೆ ಕೋಣೆ ಮತ್ತು ಹೆರಿಗೆ ಥಿಯೇಟರಿಗೆ ಅಂಕ ಕೊಡುವ ಯೋಜನೆ ಅದು. ಚೆಕ್‌ಲಿಸ್ಟ್ ಅದರಲ್ಲೂ ಇದೆ, ಆದರೆ ಜಾಗ, ಸಿಬ್ಬಂದಿ, ಸಲಕರಣೆಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಇದು ಸರಿಯಾದ ದಾರಿ.

ಆದರೂ ಕರ್ನಾಟಕ ಹಿಂದೆಯೇ ಇದೆ. 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ಇಲ್ಲಿ 69 ತಾಯಂದಿರ ಸಾವು, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಬಿದ್ದದ್ದು ಡ್ರಿಪ್‌ನಲ್ಲಿ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಮಂಚದ ಪಕ್ಕ ನಿಂತ ಸಿಸ್ಟರಿಗೆ ಬಾಟಲಿ ನೋಡಿ ದ್ರಾವಣ ಸರಿಯಿದೆಯಾ ಎಂದು ತಿಳಿಯುವುದಿಲ್ಲ, ಖರೀದಿ ಮಾಡುವಲ್ಲೇ ಪರೀಕ್ಷೆ ಆಗಬೇಕು. ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿ, ರಾಜ್ಯದ ಎಲ್ಲ ತಾಯಂದಿರ ಸಾವುಗಳ ಆಡಿಟ್ ಮಾಡಿಸಿತು. 2025ರಲ್ಲಿ ಬಂದ ಆ ವರದಿಯ ಪ್ರಕಾರ, ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು.