ಓದುಗರ ಪ್ರಶ್ನೆ: ಅಲರ್ಜಿಯ ಆಸ್ತಮಾಕ್ಕೆ ರೋಗನಿರೋಧಕ ಶಕ್ತಿಯ ಕೊರತೆ ಕಾರಣವೇ?

“ಮಗನಿಗೆ ಎಂಟು ವರ್ಷ, ಧೂಳು ತಾಗಿದರೆ ಸಾಕು ಉಬ್ಬಸ ಬರುತ್ತದೆ. ಇಮ್ಯುನಿಟಿ ಹೆಚ್ಚಲು ಯಾವ ಟಾನಿಕ್ ಕೊಡಬೇಕು?” ಊರು, ವಯಸ್ಸು ಮಾತ್ರ ಬದಲಾಗಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಹಲವು ಬಾರಿ ಚುಟುಕಾಗಿ ಉತ್ತರಿಸಿದ್ದು ಸಾಲದೆಂದು ಕಾಣುತ್ತದೆ. ಈ ಸಲ ವಿವರವಾಗಿ ಬರೆಯುತ್ತೇನೆ.

ಹಾಸಿಗೆ ಕೊಡವಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿಗಳ ಹಿಕ್ಕೆ ಇರುತ್ತದೆ. ಅದರಲ್ಲಿರುವ ಪ್ರೋಟೀನನ್ನು ಶ್ವಾಸನಾಳದ ಒಳಪದರದಲ್ಲಿ ಕಾವಲಿರುವ ಡೆಂಡ್ರಿಟಿಕ್ ಕೋಶಗಳು ಹಿಡಿದು, ಸಮೀಪದ ದುಗ್ಧರಸ ಗ್ರಂಥಿಗೆ ಒಯ್ದು, ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಮುಂದಿಡುತ್ತವೆ. ಅಲರ್ಜಿಯಿಲ್ಲದವರಲ್ಲಿ ಇದರಿಂದ ಯಾವ ತೊಂದರೆಯೂ ಆಗದು. ಅಲರ್ಜಿ ಇರುವವರಲ್ಲಾದರೋ ಟಿಎಚ್2 ಎಂಬ ಬಗೆಯ ಟಿ ಕೋಶಗಳು ಬೆಳೆದು, ಇಂಟರ್‌ಲ್ಯೂಕಿನ್ 4, 5 ಮತ್ತು 13 ಎಂಬ ಸಂದೇಶವಾಹಕಗಳನ್ನು ಹೊರಬಿಡುತ್ತವೆ. ಅವುಗಳಲ್ಲಿ ಇಂಟರ್‌ಲ್ಯೂಕಿನ್ 4, ಪ್ರತಿಕಾಯ ತಯಾರಿಸುವ ಬಿ ಕೋಶಗಳಿಂದ ಐಜಿಇ ಎಂಬ ಬಗೆಯ ಪ್ರತಿಕಾಯವನ್ನು ಮಾಡಿಸುತ್ತದೆ, 5 ಇಯೋಸಿನೋಫಿಲ್‌ಗಳೆಂಬ ಬಿಳಿ ರಕ್ತಕಣಗಳನ್ನು ಹೆಚ್ಚಿಸುತ್ತದೆ, 13 ಶ್ವಾಸನಾಳದಲ್ಲಿ ಲೋಳೆ ತುಂಬಿಸುತ್ತದೆ. ಐಜಿಇ ಹೋಗಿ ಶ್ವಾಸನಾಳದಲ್ಲಿರುವ ಮಾಸ್ಟ್ ಕೋಶಗಳೆಂಬ ನಿರೋಧಕ ಕೋಶಗಳ ಮೈಮೇಲೆ ಕೂರುತ್ತದೆ. ಮುಂದಿನ ಸಲ ಅದೇ ಧೂಳು ಒಳಹೊಕ್ಕರೆ ಆ ಕೋಶಗಳು ಕೆಲವೇ ನಿಮಿಷಗಳಲ್ಲಿ ಹಿಸ್ಟಮಿನ್, ಲ್ಯೂಕೋಟ್ರೈನ್‌ಗಳನ್ನು ಸುರಿದು ಶ್ವಾಸನಾಳದ ಸ್ನಾಯುಗಳನ್ನು ಬಿಗಿಯುತ್ತವೆ, ಎದೆಯಲ್ಲಿ ಸುಂಯ್ ಎನ್ನುವ ಸದ್ದು ಏಳುತ್ತದೆ.

ಇದರಲ್ಲಿ ಶಕ್ತಿಯ ಕೊರತೆ ಎಲ್ಲಿದೆ? ಕರುಳಿನ ಜಂತುಹುಳುಗಳ ವಿರುದ್ಧ ಹೋರಾಡುವ ಇದೇ ಐಜಿಇ, ಮಾಸ್ಟ್ ಕೋಶ, ಇಯೋಸಿನೋಫಿಲ್‌ಗಳ ಪಡೆ, ಯಾವ ಕೇಡೂ ಮಾಡದ ಧೂಳಿನ ಮೇಲೆ ಪೂರ್ಣ ಬಲದಿಂದ ಎರಗಿರುತ್ತದೆ. ಮಗುವಿನ ರಕ್ತಪರೀಕ್ಷೆಯ ವರದಿಯನ್ನೇ ತೆಗೆದು ನೋಡಿ: ಇಂಥ ಆಸ್ತಮಾದಲ್ಲಿ ಇಯೋಸಿನೋಫಿಲ್ ಎಣಿಕೆ ಅನೇಕ ವೇಳೆ ಹೆಚ್ಚಿರುತ್ತದೆ. ಚಿಕಿತ್ಸೆಯೂ ಇದನ್ನೇ ಹೇಳುತ್ತದೆ. ಇನ್‌ಹೇಲರ್‌ನ ಸ್ಟಿರಾಯ್ಡ್ ಶ್ವಾಸನಾಳದಲ್ಲಿ ಈ ಕೋಶಗಳ ಆರ್ಭಟವನ್ನು ಅಡಗಿಸುವ ಔಷಧ. 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಒಮಾಲಿಜುಮ್ಯಾಬ್ ಐಜಿಇಯನ್ನೇ ಕಟ್ಟಿಹಾಕುವ ಚುಚ್ಚುಮದ್ದು. ನಿರೋಧಕ ಶಕ್ತಿಯ ಕೊರತೆಯೇ ಕಾಯಿಲೆಯಾಗಿದ್ದರೆ, ಅದನ್ನು ತಗ್ಗಿಸುವ ಔಷಧಗಳಿಂದ ಮಗುವಿನ ಉಸಿರಾಟ ಹದಗೆಡಬೇಕಿತ್ತು. ಆದರೆ ಅದು ಸರಾಗವಾಗುತ್ತದೆ.

“ಆದರೆ ಶೀತವಾದಾಗಲೆಲ್ಲ ಉಬ್ಬಸ ಬರುತ್ತದಲ್ಲ?” ಎಂದು ತಾಯಂದಿರು ಕೇಳುತ್ತಾರೆ, ತಪ್ಪು ನಂಬಿಕೆಯ ಬೇರು ಇಲ್ಲಿದೆ. ಶೀತದ ವೈರಾಣು ಶ್ವಾಸನಾಳದ ಒಳಪದರವನ್ನು ಘಾಸಿಗೊಳಿಸಿದಾಗ ಆ ಪದರ ಹೊರಡಿಸುವ ಅಪಾಯದ ಸಂಕೇತಗಳು ಮೊದಲೇ ಕೆರಳಿರುವ ಈ ಕೋಶಗಳನ್ನು ಇನ್ನಷ್ಟು ಕೆರಳಿಸುತ್ತವೆ. ಶೀತ ಎಲ್ಲ ಮಕ್ಕಳಿಗೂ ಬರುತ್ತದೆ, ಈ ಮಗುವಿನ ಶ್ವಾಸನಾಳ ಅದಕ್ಕೆ ತೋರುವ ಪ್ರತಿಕ್ರಿಯೆ ಬೇರೆ. ಟಾನಿಕ್‌ಗೆ ಖರ್ಚು ಮಾಡುವ ಹಣದಲ್ಲಿ ದಿಂಬು, ಹಾಸಿಗೆಗಳಿಗೆ ನುಸಿ ತಡೆಯುವ ಒತ್ತು ನೇಯ್ಗೆಯ ಕವಚ ಹೊಲಿಸಿ.

ಯಾರೂ ನೇರವಾಗಿ ಕೇಳದ ಇನ್ನೊಂದು ಪ್ರಶ್ನೆಯನ್ನೂ ಇಲ್ಲಿಯೇ ಉತ್ತರಿಸಬೇಕು. ಸಂಜೆ ಅಟ್ಟ ಗುಡಿಸುವಾಗ ಬಂದ ಉಬ್ಬಸ, ತಕ್ಷಣ ಆರಾಮ ನೀಡುವ ಸಾಲ್ಬುಟಮಾಲ್ ಇನ್‌ಹೇಲರ್ ಎಳೆದೊಡನೆ ಇಳಿದರೂ ನಡುರಾತ್ರಿ ಮತ್ತೆ ಏಕೆ ಬರುತ್ತದೆ? ಮೊದಲನೆಯದು ಮಾಸ್ಟ್ ಕೋಶಗಳ ಕೆಲಸ, ಗಂಟೆ ಎರಡು ಗಂಟೆಯಲ್ಲಿ ಶಮನವಾಗುವಂಥದ್ದು. ಅವು ಕರೆದ ಇಯೋಸಿನೋಫಿಲ್‌ಗಳು ಮತ್ತು ಟಿ ಕೋಶಗಳು ಬಂದು ಸೇರಲು ನಾಲ್ಕಾರು ಗಂಟೆ ಹಿಡಿಯುತ್ತದೆ. ಆಗ ಏಳುವ ಉರಿಯೂತವೇ ಎರಡನೆಯ ಉಬ್ಬಸಕ್ಕೆ ಕಾರಣವಾಗುತ್ತದೆ. ಸಾಲ್ಬುಟಮಾಲ್ ಸ್ನಾಯುವನ್ನು ಸಡಿಲಿಸಬಲ್ಲದು, ಆ ಉರಿಯೂತವನ್ನು ತಡೆಯಲಾರದು. ವೈದ್ಯರು ಬರೆದುಕೊಟ್ಟ ಸ್ಟಿರಾಯ್ಡ್ ಇನ್‌ಹೇಲರನ್ನು ಉಸಿರು ಚೆನ್ನಾಗಿರುವ ದಿನಗಳಲ್ಲಿಯೂ ತಪ್ಪಿಸದೆ ಬಳಸಬೇಕಾಗಿರುವುದು ಇದಕ್ಕಾಗಿಯೇ.