ಪದ ಪರಿಚಯ: ‘ಆಫ್ಟರ್’

ಲಿನಕ್ಸ್ ಸರ್ವರ್ ಆನ್ ಆದಾಗ ಅದರ ಸರ್ವಿಸ್‌ಗಳನ್ನು, ಅಂದರೆ ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಮುಗಳನ್ನು, ಎಬ್ಬಿಸುವುದು ಸಿಸ್ಟಮ್‌ಡಿ. ಒಂದೊಂದು ಸರ್ವಿಸ್ ಬಗ್ಗೆ ಅದಕ್ಕೆ ಹೇಳಿಕೊಡುವ ಯೂನಿಟ್ ಫೈಲಿನಲ್ಲಿ ‘ಆಫ್ಟರ್’ ಎಂದು ಬರೆದರೆ ‘ಅದು ಎದ್ದ ಮೇಲೆ ಇದು ಏಳಲಿ’ ಎಂದರ್ಥ. ಅಷ್ಟೇ. ‘ಅದಿಲ್ಲದಿದ್ದರೆ ಇದೂ ಬೇಡ’ ಎಂಬ ಮಾತು ಅದರಲ್ಲಿಲ್ಲ. ಅದಕ್ಕೆ ‘ರಿಕ್ವೈರ್ಸ್’ ಎಂಬ ಬೇರೆ ಪದವೇ ಇದೆ. ಎರಡೂ ಒಂದೇ ಎಂದು ನಾನು ಕೆಲವು ವರ್ಷ ನಂಬಿಕೊಂಡೇ ಸರ್ವರ್ ನೋಡಿಕೊಂಡಿದ್ದೆ.

ಉಡುಪಿ ಕಡೆಯ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಪಾಯಸ ಆದ ಮೇಲೆ ಮಜ್ಜಿಗೆ: ಇದು ಆಫ್ಟರ್. ಇವತ್ತು ಪಾಯಸವೇ ಮಾಡಿಲ್ಲ ಅಂದರೆ ಮಜ್ಜಿಗೆಯವ ಅದಕ್ಕಾಗಿ ಕಾದು ನಿಲ್ಲುವುದಿಲ್ಲ, ಬಂದೇ ಬರುತ್ತಾನೆ. ಅನ್ನವಿಲ್ಲದೆ ಸಾರು ಬೇಡ: ಇದು ರಿಕ್ವೈರ್ಸ್. ಆದರೆ ಅಷ್ಟನ್ನೇ ಹೇಳಿ ಸರದಿ ಹೇಳದೆ ಬಿಟ್ಟರೆ ಅನ್ನದವನೂ ಸಾರಿನವನೂ ಒಟ್ಟಿಗೇ ಹೊರಡುತ್ತಾರೆ. ಸಾರಿನವನ ಕಾಲು ಚುರುಕಾಗಿದ್ದರೆ ಖಾಲಿ ಬಾಳೆ ಎಲೆಗೆ ಸಾರು ಬಿದ್ದು ನಿಮ್ಮ ಪಂಚೆಗೆ ಹರಿಯುತ್ತದೆ. ಎರಡೂ ಬೇಕಿದ್ದರೆ ಎರಡನ್ನೂ ಬರೆಯಬೇಕು. ‘ವಾಂಟ್ಸ್’ ಎಂಬುದೂ ಒಂದಿದೆ. ಅದು ‘ಹಪ್ಪಳ ಇದ್ದರೆ ತನ್ನಿ’ ಎಂದ ಹಾಗೆ. ಇಲ್ಲದಿದ್ದರೆ ಊಟ ನಿಲ್ಲುವುದಿಲ್ಲ.

ಸಿಸ್ಟಮ್‌ಡಿಗೆ ಮೊದಲು ಇದೇ ಕೆಲಸ ಮಾಡುತ್ತಿದ್ದ ಹಳೆಯ ಇನಿಟ್ ಕಾಲದಲ್ಲಿ ಈ ತಲೆಬಿಸಿ ಕಡಿಮೆ ಇತ್ತು. ಸರ್ವಿಸ್ ಎಬ್ಬಿಸುವ ಸ್ಕ್ರಿಪ್ಟಿನ ಹೆಸರಿನ ಮುಂದೆ ಎಸ್20, ಎಸ್91 ಎಂದು ನಂಬರು. ನಂಬರಿನ ಪ್ರಕಾರ ಒಂದಾದ ಮೇಲೊಂದು. 2010ರಲ್ಲಿ ಬಂದ ಸಿಸ್ಟಮ್‌ಡಿ ‘ಸರದಿ ಹೇಳದವರೆಲ್ಲ ಒಟ್ಟಿಗೆ ಹೊರಡಿ’ ಎಂದಿತು. ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ನಿನಲ್ಲೂ 2015ರ 8ನೇ ಆವೃತ್ತಿಯಿಂದ ಅದೇ ರೂಢಿ. ಮೊದಲು ಆಕಸ್ಮಿಕವಾಗಿ ಸರಿಯಾಗಿ ನಡೆಯುತ್ತಿದ್ದದ್ದನ್ನು ಈಗ ಬಾಯಿಬಿಟ್ಟು ಹೇಳಬೇಕು.

ನನಗೆ ಇದು ತಿಳಿದದ್ದು ಮಂಗಳೂರಿನ ಒಂದು ಗೇರುಬೀಜ ವ್ಯಾಪಾರದ ಕಚೇರಿಯಲ್ಲಿ. ಮೇ ಕೊನೆಯ ಸಿಡಿಲು ಮಳೆ, ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯೂ ಮುಗಿಯಿತು. ಕರೆಂಟ್ ಬಂದಾಗ ಸರ್ವರ್ ತಾನಾಗಿ ಎದ್ದಿತು. ಬೆಳಿಗ್ಗೆ ಲೆಕ್ಕ ನೋಡುವ ಹಿರಿಯರ ಫೋನು: “ಮಾರಾಯ್ರೇ, ರಾತ್ರಿ ಕಳಿಸಿದ್ದೇನೆ ಅಂತ ಪಾರ್ಟಿ ಹೇಳ್ತಾ ಇದ್ದಾರೆ. ನನ್ನಲ್ಲಿ ಏನೂ ಇಲ್ಲ.” ಲಾಗ್ ತೆರೆದರೆ, ಹೊರಗಿನಿಂದ ಬರುವ ಇಮೇಲ್ ತೆಗೆದುಕೊಳ್ಳುವ ಪೋಸ್ಟ್‌ಫಿಕ್ಸ್ ಪತ್ರ ತೆಗೆದುಕೊಂಡಿದೆ, ಅದನ್ನು ಪೆಟ್ಟಿಗೆಗೆ ಹಾಕುವ ಡವ್‌ಕಾಟ್‌ಗೆ ಕೊಟ್ಟಿದೆ, ಡವ್‌ಕಾಟ್ ಇನ್‌ಬಾಕ್ಸಿನಲ್ಲಿ ಉಳಿಸಿದ್ದೇನೆ ಎಂದು ಬರೆದುಕೊಂಡಿದೆ. ಇನ್‌ಬಾಕ್ಸಿನಲ್ಲಿ ಮಾತ್ರ ಪತ್ರವಿಲ್ಲ.

ಅಂಚೆ ಪೆಟ್ಟಿಗೆಗಳೆಲ್ಲ ಬೇರೆ ಡಿಸ್ಕಿನಲ್ಲಿದ್ದವು. ಆ ಡಿಸ್ಕ್ ಎಂದಾದರೂ ಕೈಕೊಟ್ಟರೆ ಬೂಟ್ ಅರ್ಧಕ್ಕೆ ನಿಲ್ಲಬಾರದೆಂದು ಯಾವ ಡಿಸ್ಕ್ ಯಾವ ಫೋಲ್ಡರಿಗೆ ಎಂದು ಬರೆಯುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ‘ನೋಫೇಲ್’ ಎಂದು ಬರೆದಿದ್ದೆ, ಜಾಣತನ ಮಾಡಿದೆ ಎಂದುಕೊಂಡು. ನೋಫೇಲ್ ಹಾಕಿದರೆ ಆ ಮೌಂಟಿಗೆ, ಅಂದರೆ ಡಿಸ್ಕನ್ನು ಫೋಲ್ಡರಿಗೆ ಜೋಡಿಸುವ ಕೆಲಸಕ್ಕೆ, ಇದ್ದ ಸರದಿಯೂ ಕಳಚಿಹೋಗುತ್ತದೆ. ಉಳಿದ ಸರ್ವಿಸ್‌ಗಳು ಅದಕ್ಕಾಗಿ ಕಾಯುವುದಿಲ್ಲ. ಆ ರಾತ್ರಿ ಡಿಸ್ಕ್ ತಪಾಸಣೆಗೆ ಹತ್ತು ನಿಮಿಷ ಹಿಡಿಯಿತು. ಅಷ್ಟರೊಳಗೆ ಡವ್‌ಕಾಟ್ ಎದ್ದು, ಮೌಂಟ್ ಆಗಬೇಕಿದ್ದ ಖಾಲಿ ಫೋಲ್ಡರಿನಲ್ಲೇ ಮೂರು ಪತ್ರ ಇಟ್ಟಿತು. ಆಮೇಲೆ ಡಿಸ್ಕ್ ಬಂದು ಅದೇ ಜಾಗದ ಮೇಲೆ ಕೂತಿತು. ಚಾಪೆಯ ಕೆಳಗೆ ಸಿಕ್ಕಿಕೊಂಡ ಕಾಗದದ ಹಾಗೆ ಪತ್ರಗಳು ಅಲ್ಲೇ ಇದ್ದವು, ಕಾಣುತ್ತಿರಲಿಲ್ಲ. ಸಿಸ್ಟಮ್ ಇರುವ ಮುಖ್ಯ ಡಿಸ್ಕನ್ನು (ರೂಟ್ ಡಿಸ್ಕ್) ಬೈಂಡ್ ಮೌಂಟ್ ಮಾಡಿ, ಅಂದರೆ ಇನ್ನೊಂದು ಫೋಲ್ಡರಿನಲ್ಲೂ ಕಾಣುವಂತೆ ಮಾಡಿ, ನೋಡಿದಾಗ ಮೂರೂ ಸಿಕ್ಕವು. ಆ ಖಾಲಿ ಫೋಲ್ಡರನ್ನು ರೂಟ್ ಎಂಬ ನಿರ್ವಾಹಕ ಖಾತೆಯ ಹೆಸರಿನಲ್ಲೇ ಬಿಟ್ಟಿದ್ದರೆ ಡವ್‌ಕಾಟ್‌ಗೆ ಬರೆಯಲು ಅನುಮತಿಯೇ ಸಿಗುತ್ತಿರಲಿಲ್ಲ, ಇಷ್ಟು ರಾಮಾಯಣವೂ ಆಗುತ್ತಿರಲಿಲ್ಲ.

ಪರಿಹಾರ ಒಂದೇ ಸಾಲು. ‘ಸಿಸ್ಟಮ್‌ಸಿಟಿಎಲ್ ಎಡಿಟ್ ಡವ್‌ಕಾಟ್’ ಎಂಬ ಆಜ್ಞೆ ಕೊಟ್ಟು, ತೆರೆಯುವ ಪ್ರತ್ಯೇಕ ಫೈಲಿನ ಯೂನಿಟ್ ವಿಭಾಗದಲ್ಲಿ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಎಂದು ಬರೆದು ಅಂಚೆ ಫೋಲ್ಡರಿನ ದಾರಿ ಕೊಡುವುದು. ಅಗತ್ಯ, ಸರದಿ ಎರಡನ್ನೂ ಈ ಒಂದು ಪದ ತಾನೇ ಸೇರಿಸುತ್ತದೆ. ಮೂಲ ಯೂನಿಟ್ ಫೈಲನ್ನು ಮುಟ್ಟಬೇಡಿ, ಮುಂದಿನ ಅಪ್‌ಡೇಟಿಗೆ ನಿಮ್ಮ ಸಾಲು ಹಾರಿಹೋಗುತ್ತದೆ. ಇನ್ನೊಂದು ಮಾತು: ಡೆಬಿಯನ್ 12ರಲ್ಲಿ ಪೋಸ್ಟ್‌ಫಿಕ್ಸ್ ಎಂಬ ಯೂನಿಟ್ ಬರೀ ಹೆಸರಿಗೆ. ನಿಜವಾದ ಕೆಲಸ ಹೆಸರಿನ ಕೊನೆಗೆ ಅಟ್ ಗುರುತು ಮತ್ತು ಅಡ್ಡಗೆರೆ ಇರುವ ಯೂನಿಟ್ಟಿನದ್ದು. ಸರದಿಯನ್ನು ಮೊದಲನೆಯದರಲ್ಲಿ ಬರೆದು ‘ಕೆಲಸ ಮಾಡುತ್ತಿಲ್ಲ’ ಎಂದು ಒಂದು ಮಧ್ಯಾಹ್ನ ಕಳೆದಿದ್ದೇನೆ.

ಸರಿ, ‘ಎದ್ದ ಮೇಲೆ’ ಅಂದರೆ ಯಾವಾಗ? ಅದು ಸರ್ವಿಸ್‌ನ ಟೈಪ್ ಮೇಲೆ ಹೋಗುತ್ತದೆ. ‘ನೋಟಿಫೈ’ ಆದರೆ ಸರ್ವಿಸ್ ತಾನೇ ‘ನಾನು ತಯಾರು’ ಎನ್ನುವವರೆಗೆ ಸರದಿಯಲ್ಲಿ ಅದರ ಹಿಂದೆ ನಿಂತವರು ಕಾಯುತ್ತಾರೆ. ಮರಿಯಾಡಿಬಿ ಎಂಬ ಡೇಟಾಬೇಸ್ ಈ ಜಾತಿ. ‘ಸಿಂಪಲ್’ ಆದರೆ ಬಡಿಸುವವ ಅಡುಗೆಮನೆಯ ಹೊಸ್ತಿಲು ದಾಟಿದ ಕೂಡಲೇ ಬಡಿಸಿ ಆಯಿತು ಎಂದು ಲೆಕ್ಕ. ನೆಟ್‌ವರ್ಕಿನ ವಿಷಯದಲ್ಲೂ ಇಂಥದ್ದೇ ಮೋಸ. ‘ನೆಟ್‌ವರ್ಕ್ ಟಾರ್ಗೆಟ್’ ಎಂಬ ಹಂತ ಮುಟ್ಟಿದೆ ಎಂದರೆ ಸರ್ವರಿಗೆ ಐಪಿ ವಿಳಾಸ ಸಿಕ್ಕಿದೆ ಎಂದಲ್ಲ. ಪೋಸ್ಟ್‌ಫಿಕ್ಸ್ ಇಂಥದ್ದೇ ಐಪಿಯಲ್ಲಿ ಕೇಳಿಸಿಕೊಳ್ಳಬೇಕೆಂದು ನೀವು ಕಟ್ಟಿಹಾಕಿದ್ದರೆ, ಆ ಐಪಿ ಇನ್ನೂ ಬಂದಿರದಿದ್ದರೆ, ಅದು ಏಳದೆ ಬೀಳುತ್ತದೆ. ಆಗ ‘ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್’ ಬೇಕು, ಅದನ್ನು ವಾಂಟ್ಸ್ ಮತ್ತು ಆಫ್ಟರ್ ಎರಡರಲ್ಲೂ ಬರೆಯಬೇಕು.

ಮೆಷಿನ್ ಆಫ್ ಮಾಡುವಾಗ ಸರದಿ ತಿರುಗುಮುರುಗು. ಕೊನೆಗೆ ಎದ್ದದ್ದು ಮೊದಲು ಮಲಗುತ್ತದೆ, ಅದಕ್ಕೆ ಬೇರೆ ಏನೂ ಬರೆಯಬೇಕಿಲ್ಲ.

ಮುಂದಿನ ಭಾನುವಾರ ಆ ಡಿಸ್ಕಿನ ಕೇಬಲ್ ಕಿತ್ತು ಸರ್ವರನ್ನು ರೀಬೂಟ್ ಮಾಡಿದೆ. ಈ ಸಲ ಡವ್‌ಕಾಟ್ ಏಳಲಿಲ್ಲ. ಹೊರಗಿನಿಂದ ಎರಡು ಪತ್ರ ಕಳಿಸಿದೆ. ಎರಡೂ ಪೋಸ್ಟ್‌ಫಿಕ್ಸ್‌ನ ಕ್ಯೂನಲ್ಲಿ ಕಾದು ಕೂತವು. ಮಾಮೂಲಿ ಸೆಟ್ಟಿಂಗಿನಲ್ಲಿ ಅದು 5 ದಿನ ಕಾಯುತ್ತದೆ. ಕೇಬಲ್ ಸಿಕ್ಕಿಸಿ, ಮೌಂಟ್ ಮಾಡಿ, ಡವ್‌ಕಾಟ್ ಎಬ್ಬಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಎರಡೂ ಇನ್‌ಬಾಕ್ಸಿನಲ್ಲಿದ್ದವು.