ಶುಲ್ಕ ಬಾಕಿ ಎಂದು ಮಾಜಿ ಯೋಧನ ಟ್ರಾನ್ಸ್‌ಕ್ರಿಪ್ಟ್ ತಡೆಹಿಡಿಯಬಹುದೇ?

ಪ್ರಶ್ನೆ: ನನ್ನ ಅಕ್ಕನ ಮಗ ಅಮೆರಿಕದ ಸೇನೆಯಲ್ಲಿ ಸೇವೆ ಮುಗಿಸಿ, ಯೋಧರ ಓದಿಗೆ ಅಲ್ಲಿನ ಸರ್ಕಾರ ಕೊಡುವ ಜಿಐ ಬಿಲ್ ನೆರವಿನಿಂದ ಕಾಲೇಜು ಸೇರಿದ್ದ. ಈಗ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದರೆ ಹಳೆಯ ಕಾಲೇಜು, ಶುಲ್ಕ ಬಾಕಿ ಇದೆ ಎಂದು ಟ್ರಾನ್ಸ್‌ಕ್ರಿಪ್ಟ್, ಅಂದರೆ ಓದಿದ ವಿಷಯ ಮತ್ತು ಅಂಕಗಳ ಅಧಿಕೃತ ದಾಖಲೆ, ಕೊಡುತ್ತಿಲ್ಲ. ಶುಲ್ಕ ಕಟ್ಟಬೇಕಾದದ್ದು ಸರ್ಕಾರವಲ್ಲವೇ? ಹೀಗೆ ತಡೆಯಲು ಕಾಲೇಜಿಗೆ ಹಕ್ಕಿದೆಯೇ?

ಉತ್ತರ: ಆ ಬಾಕಿ ಹುಟ್ಟಿದ್ದು ಹೇಗೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಮಾಜಿ ಯೋಧರ ಹೆಸರಿನಲ್ಲಿರುವ ಬಾಕಿ ಎಷ್ಟೋ ವೇಳೆ ಅವರು ಕಟ್ಟದೆ ಉಳಿಸಿಕೊಂಡ ಹಣವೇ ಅಲ್ಲ.

2009ರ ಆಗಸ್ಟ್‌ನಿಂದ ಜಾರಿಯಲ್ಲಿರುವ, 2001ರ ಸೆಪ್ಟೆಂಬರ್ 11ರ ನಂತರ ಸೇವೆ ಸಲ್ಲಿಸಿದವರ ಜಿಐ ಬಿಲ್‌ನಲ್ಲಿ ಬೋಧನಾ ಶುಲ್ಕವು ಮಾಜಿ ಯೋಧರ ಇಲಾಖೆಯಿಂದ, ಅಂದರೆ ವಿಎಯಿಂದ, ನೇರವಾಗಿ ಕಾಲೇಜಿಗೆ ಹೋಗುತ್ತದೆ. ವಿದ್ಯಾರ್ಥಿಯ ಕೈಗೆ ಬರುವುದು ವಸತಿ ಭತ್ಯೆ ಮತ್ತು ಪುಸ್ತಕದ ಹಣ. ಈಗ ಹುಡುಗ ಸೆಮಿಸ್ಟರಿನ ನಡುವೆ ಒಂದು ವಿಷಯ ಕೈಬಿಟ್ಟ ಎನ್ನಿ. ಕಾಲೇಜಿನಲ್ಲಿ ಈ ನೆರವಿನ ಲೆಕ್ಕ ನೋಡಿಕೊಳ್ಳುವ ಅಧಿಕಾರಿ ಅದನ್ನು ವಿಎಗೆ ವರದಿ ಮಾಡುತ್ತಾರೆ. ಕೊಟ್ಟ ಶುಲ್ಕ ಹೆಚ್ಚಾಯಿತೆಂದು ವಿಎ ಹಣ ವಾಪಸ್ ಕೇಳುತ್ತದೆ. ಮೊದಲೆಲ್ಲ ವಿದ್ಯಾರ್ಥಿಯನ್ನೇ ಕೇಳುತ್ತಿತ್ತು. 2021ರ ಜನವರಿಯಲ್ಲಿ ಸಹಿಯಾದ ಕಾನೂನಿನ ನಂತರ ಕಾಲೇಜನ್ನು ಕೇಳುತ್ತದೆ. ಕಾಲೇಜು ಅದನ್ನು ಹಿಂದಿರುಗಿಸಿ, ಅಷ್ಟೇ ಮೊತ್ತವನ್ನು ಹುಡುಗನ ಖಾತೆಗೆ ಬರೆಯುತ್ತದೆ. ಅವನು ಕಣ್ಣಿನಿಂದಲೂ ನೋಡದ ಹಣ ಅವನ ಸಾಲವಾಗುವುದು ಹೀಗೆ.

ಇಲ್ಲಿ ಅನೇಕರಿಗೆ ಗೊತ್ತಿಲ್ಲದ ಒಂದು ದಾರಿ ಇದೆ. ಮೊದಲ ಸಲ ಆರು ಕ್ರೆಡಿಟ್‌ವರೆಗೆ (ಕ್ರೆಡಿಟ್ ಎಂದರೆ ವಿಷಯದ ಓದಿನ ಪ್ರಮಾಣ ಅಳೆಯುವ ಮಾನ) ಕೈಬಿಟ್ಟರೆ ವಿಎ ಕಾರಣ ಕೇಳುವುದಿಲ್ಲ. ಅದಕ್ಕೂ ಹೆಚ್ಚಾದರೆ ಅಥವಾ ಎರಡನೆಯ ಸಲವಾದರೆ, ಕಾಯಿಲೆ, ಮನೆಯಲ್ಲಿ ಸಾವು, ಮತ್ತೆ ಸೇವೆಗೆ ಕರೆ ಬಂದದ್ದು ಇಂಥ ಕಾರಣವನ್ನು ಕಾಗದಪತ್ರ ಸಮೇತ ತೋರಿಸಬೇಕು. ಒಪ್ಪಿಗೆಯಾದರೆ, ತರಗತಿಗೆ ಹೋದ ದಿನದವರೆಗಿನ ಹಣವನ್ನು ವಿಎ ಹಿಂದಕ್ಕೆ ಕೇಳುವುದಿಲ್ಲ. ಆದ್ದರಿಂದ ಹಣ ಹೊಂದಿಸಲು ಓಡಾಡುವ ಮೊದಲು ಆ ಸೆಮಿಸ್ಟರಿನ ಖಾತೆ ವಿವರವನ್ನು ಬರಹದಲ್ಲಿ ಕೇಳಿ ಪಡೆಯಲಿ. ವಿಷಯ ಕೈಬಿಟ್ಟ ಕಾರಣ ವಿಎಗೆ ತಲುಪಿದೆಯೇ ಎಂದೂ ಕೇಳಲಿ.

ವಿಎ ಹಣ ಕಳಿಸುವುದು ತಡವಾಗಿದೆ, ಅಷ್ಟೇ ಕಾರಣ ಎಂದಾದರೆ ಕಾನೂನು ಸ್ಪಷ್ಟವಾಗಿ ಹುಡುಗನ ಪರ ಇದೆ. 2018ರ ಕೊನೆಯ ದಿನ ಸಹಿಯಾದ ಕಾಯಿದೆಯ ಪ್ರಕಾರ, ನೆರವಿಗೆ ಅರ್ಹ ಎಂಬ ಪತ್ರವನ್ನು ಕಾಲೇಜಿಗೆ ಕೊಟ್ಟ ವಿದ್ಯಾರ್ಥಿಗೆ ಆ ವಿಳಂಬಕ್ಕಾಗಿ ಯಾವ ದಂಡನೆಯನ್ನೂ ವಿಧಿಸುವಂತಿಲ್ಲ: ತಡ ಶುಲ್ಕವಿಲ್ಲ, ತರಗತಿ ಅಥವಾ ಗ್ರಂಥಾಲಯದ ಬಾಗಿಲು ಮುಚ್ಚುವಂತಿಲ್ಲ, ಸಾಲ ಮಾಡಿ ಕಟ್ಟು ಎನ್ನುವಂತೆಯೂ ಇಲ್ಲ. ಈ ರಕ್ಷಣೆಗೆ 90 ದಿನಗಳ ಮಿತಿ ಇದೆ.

ಬಾಕಿ ನಿಜವಾದದ್ದೇ ಆಗಿದ್ದರೆ ರಾಜ್ಯದ ಕಾನೂನು ನೋಡಬೇಕು. ಕ್ಯಾಲಿಫೋರ್ನಿಯಾ 2020ರಿಂದ, ನ್ಯೂಯಾರ್ಕ್ 2022ರಿಂದ, ಸಾಲಕ್ಕಾಗಿ ಟ್ರಾನ್ಸ್‌ಕ್ರಿಪ್ಟ್ ತಡೆಯುವುದನ್ನು ನಿಷೇಧಿಸಿವೆ. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರ ಶಿಕ್ಷಣ ಇಲಾಖೆಯ ನಿಯಮವೂ ಒಂದಿದೆ: ಪೆಲ್ ಅನುದಾನ (ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಕೇಂದ್ರ ಕೊಡುವ ನೆರವು) ಅಥವಾ ಕೇಂದ್ರದ ಶಿಕ್ಷಣ ಸಾಲ ಪಡೆದು, ಶುಲ್ಕ ಪೂರ್ತಿ ಪಾವತಿಯಾದ ಸೆಮಿಸ್ಟರುಗಳ ಕ್ರೆಡಿಟ್‌ಗಳನ್ನು ಕಾಲೇಜು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕೊಡಲೇಬೇಕು. ಜಿಐ ಬಿಲ್ ಇದರೊಳಗೆ ಬರುವುದಿಲ್ಲ. ಆದರೆ ಹುಡುಗ ಜೊತೆಗೆ ಪೆಲ್ ಅನುದಾನವನ್ನೂ ಪಡೆದಿದ್ದರೆ ಆ ಸೆಮಿಸ್ಟರುಗಳಾದರೂ ಬಿಡುಗಡೆಯಾಗುತ್ತವೆ. ದೇಶಕ್ಕಾಗಿ ದುಡಿದವನ ನೆರವು ಈ ನಿಯಮದ ಹೊರಗೆ ಉಳಿದಿರುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಪದವಿ ಮುಗಿಯದೆ ಒಳ್ಳೆಯ ಕೆಲಸವಿಲ್ಲ, ಕೆಲಸವಿಲ್ಲದೆ ಬಾಕಿ ತೀರುವುದಿಲ್ಲ. ಟ್ರಾನ್ಸ್‌ಕ್ರಿಪ್ಟ್ ಹಿಡಿದಿಟ್ಟುಕೊಂಡು ಕಾಲೇಜಿಗೂ ಹಣ ಬರುವುದಿಲ್ಲ.

ಇನ್ನೊಂದು ಮಾತು, ನಮ್ಮ ಕಡೆಯವರಿಗೆ. ಇಲ್ಲಿ ಅಂಕಪಟ್ಟಿ ನಮ್ಮ ಕೈಯಲ್ಲೇ ಇರುತ್ತದೆ, ಜೆರಾಕ್ಸ್ ಮಾಡಿಸಿ ದೃಢೀಕರಿಸಿದರೆ ಸಾಕಾಗುತ್ತದೆ. ಅಲ್ಲಿ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ರಿಜಿಸ್ಟ್ರಾರ್ ಕಚೇರಿಯಿಂದ ನೇರವಾಗಿ ಅಥವಾ ಮುಚ್ಚಿದ ಲಕೋಟೆಯಲ್ಲಿ ಹೋಗಬೇಕು. ಅಮೆರಿಕದ 1974ರ ಕೇಂದ್ರ ಕಾನೂನಿನಂತೆ ವಿದ್ಯಾರ್ಥಿಗೆ ತನ್ನ ದಾಖಲೆಯನ್ನು 45 ದಿನಗಳೊಳಗೆ ನೋಡುವ ಹಕ್ಕು ಸಾಲವಿದ್ದರೂ ಇರುತ್ತದೆ. ಅಧಿಕೃತ ಪ್ರತಿ ಪಡೆಯುವ ಹಕ್ಕನ್ನು ಆ ಕಾನೂನು ಕೊಡುವುದಿಲ್ಲ. ಆದರೂ ಆ ಹಕ್ಕನ್ನು ಬಳಸಲಿ. ಯಾವ ಕ್ರೆಡಿಟ್ ದಾಖಲಾಗಿದೆ ಎಂದು ಗೊತ್ತಿದ್ದರೆ ಹೊಸ ವಿಶ್ವವಿದ್ಯಾಲಯದೊಂದಿಗೆ ಮಾತು ಶುರು ಮಾಡಬಹುದು.

ಸೇನೆಯಲ್ಲಿ ಪಡೆದ ತರಬೇತಿಯ ಲೆಕ್ಕವಂತೂ ಕಾಲೇಜಿನ ಹಿಡಿತದಲ್ಲಿಲ್ಲ. ಭೂಸೇನೆ, ನೌಕಾಸೇನೆ, ಮರೀನ್, ಕೋಸ್ಟ್ ಗಾರ್ಡ್ ಸೇವೆಯವರಿಗೆ ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್ ಉಚಿತವಾಗಿ ಸಿಗುತ್ತದೆ. ವಾಯುಪಡೆಯವರಿಗೆ ಅದರದೇ ಸಮುದಾಯ ಕಾಲೇಜು ಕೊಡುತ್ತದೆ. ಇದನ್ನು ಇಂದೇ ತರಿಸಿಕೊಳ್ಳಬಹುದು.

ಕಾಲೇಜೇ ಮುಚ್ಚಿಹೋಗಿದ್ದರೆ ದಾಖಲೆಗಳು ಸಾಮಾನ್ಯವಾಗಿ ರಾಜ್ಯದ ಉನ್ನತ ಶಿಕ್ಷಣ ಸಂಸ್ಥೆಯ ವಶದಲ್ಲಿರುತ್ತವೆ. 2016ರ ಸೆಪ್ಟೆಂಬರಿನಲ್ಲಿ ಐಟಿಟಿ ಟೆಕ್ ಎಂಬ ಖಾಸಗಿ ಕಾಲೇಜು ಸಂಸ್ಥೆ ತನ್ನ 130ಕ್ಕೂ ಹೆಚ್ಚು ಕ್ಯಾಂಪಸ್‌ಗಳನ್ನು ಒಮ್ಮೆಗೇ ಮುಚ್ಚಿದಾಗ ಸಾವಿರಾರು ಮಾಜಿ ಯೋಧರು ಅತಂತ್ರರಾದರು. ಮರುವರ್ಷದ ಕಾನೂನು, ಹೀಗೆ ವ್ಯರ್ಥವಾದ ಜಿಐ ಬಿಲ್ ತಿಂಗಳುಗಳನ್ನು ಮರಳಿ ಪಡೆಯಲು ಅವಕಾಶ ಮಾಡಿಕೊಟ್ಟಿತು.

ಕಾಲೇಜು ಬರಹಕ್ಕೂ ಬಗ್ಗದಿದ್ದರೆ ವಿಎ ಜಾಲತಾಣದಲ್ಲಿ ಕಾಲೇಜುಗಳ ವಿರುದ್ಧ ದೂರು ಸಲ್ಲಿಸುವ ವ್ಯವಸ್ಥೆಯಿದೆ. ನಿಷೇಧವಿರುವ ರಾಜ್ಯದಲ್ಲಾದರೆ ಅಟಾರ್ನಿ ಜನರಲ್ ಕಚೇರಿಗೂ ಬರೆಯಲಿ, ಕಾಲೇಜು ಕೊಟ್ಟ ನಿರಾಕರಣೆಯ ಇಮೇಲ್ ಅನ್ನು ಜೊತೆಗಿಟ್ಟು.